ಎರಡು ಟ್ರೇ

ಓವನ್‌ನಲ್ಲಿ ಎರಡು ಟ್ರೇಗಳಿದ್ದವು. ಎಡಗಡೆಯದರಲ್ಲಿ ಗಂಡನಿಗೂ ಅತ್ತೆಗೂ ಆಲೂಗಡ್ಡೆಯ ಜೊತೆ ದನದ ಖೀಮಾ, ಬಲಗಡೆಯದರಲ್ಲಿ ಅಪ್ಪನಿಗೆ ಬರೀ ಆಲೂಗಡ್ಡೆ. ಮೇಲೆ ಕರಗಿದ ಚೀಸ್ ಎರಡಕ್ಕೂ ಒಂದೇ ಬಣ್ಣ ಕೊಟ್ಟಿತ್ತು. ಬೇರೆಯೇ ಮಾಡಿರುತ್ತೇನೆಂದು ಅವಳು ಮಾತು ಕೊಟ್ಟ ಮೇಲೆ, ಮದುವೆಯಾದ ನಾಲ್ಕು ವರ್ಷಕ್ಕೆ ಅಪ್ಪ ಮೊದಲ ಸಲ ಊಟಕ್ಕೆ ಬಂದಿದ್ದರು.

ಬಲಗಡೆಯ ಟ್ರೇಯನ್ನು ಅವರ ಮುಂದಿಟ್ಟು, ಅವರೇ ಬಡಿಸಿಕೊಂಡು ತಿನ್ನುವುದನ್ನು ದೂರದಿಂದಲೇ ಕಣ್ತುಂಬ ನೋಡಿ, ಅವಳು ಇನ್ನೊಂದನ್ನು ತರಲು ಅಡುಗೆಮನೆಗೆ ಬಂದಳು. ಚಮಚ ಹಾಕಿದರೆ ಬರೀ ಆಲೂಗಡ್ಡೆ.

"ಮೆಲ್ವಿನ್, ಟ್ರೇ ಮುಟ್ಟಿದ್ಯಾ?"

"ಒಂದು ಸೀದು ಹೋಗ್ತಿತ್ತು ಕಣೇ, ಜಾಗ ಬದಲಾಯಿಸಿದೆ," ಎಂದ ಗಂಡ ಟ್ರೇ ನೋಡಿ ಬಿಳಿಚಿಕೊಂಡ. "ಈಗಲೇ ಹೇಳಿಬಿಡು."

"ಹೇಳಿದ್ರೆ ಮತ್ತೆ ಈ ಹೊಸಿಲು ತುಳಿಯಲ್ಲ ಅವರು."

ಅಪ್ಪ ಖಾಲಿ ತಟ್ಟೆ ಹಿಡಿದು ಬಾಗಿಲಿಗೆ ಬಂದರು. "ಸೋಯಾನ ಇಷ್ಟು ಚೆನ್ನಾಗಿ ಮಾಡೋದು ಯಾವಾಗ ಕಲಿತೆ ಪುಟ್ಟಿ?"

ಅವಳು ನಕ್ಕಂತೆ ಮಾಡಿದಳು.

"ಒಂದು ಡಬ್ಬಿಗೂ ಸ್ವಲ್ಪ ಹಾಕು. ನಿಮ್ಮಮ್ಮ ಕೆಳಗೆ ಕಾರಲ್ಲಿ ಕೂತಿದಾಳೆ. ಮೇಲೆ ಬರಲ್ವಂತೆ. ಆದ್ರೆ ನೀನು ಮಾಡಿದ್ದು ತಿಂತಾಳಂತೆ."

ಅವಳ ಕಣ್ಣು ತುಂಬಿತು. ಆಲೂಗಡ್ಡೆಯ ಟ್ರೇಯನ್ನು ಬೇಗಬೇಗ ಹತ್ತಿರಕ್ಕೆ ಎಳೆದುಕೊಂಡಳು.

"ಅದು ಬೇಡಮ್ಮ," ಎಂದರು ಅಪ್ಪ. "ನಾನು ತಿಂದಿದ್ದರಲ್ಲೇ ಹಾಕು. ನಾನು ಉಂಡು ಉಳಿಸಿದ್ದನ್ನ ಬಿಟ್ಟು ಬೇರೇನನ್ನೂ ಅವಳು ಇವತ್ತಿನವರೆಗೂ ಉಂಡಿಲ್ಲ."