ಹಿಡಿದೆ

“ಹಿಡಿದ್ಯಾ?” ಎಂದು ಮೇಸ್ತ್ರಿ ಕೇಳಿದ.

“ಹಿಡಿದೆ” ಎಂದ, ಅವನ ಕೈಕೆಳಗಿನ ಅಣ್ಣತಮ್ಮಂದಿರಲ್ಲಿ ಅಣ್ಣ. ಹಗ್ಗವನ್ನು ತಾರಸಿಯ ಕಂಬಕ್ಕೆ ಸುತ್ತಿ ಎರಡೂ ಕೈಯಲ್ಲಿ ಬಿಗಿದುಕೊಂಡಿದ್ದ. ಎತ್ತರದ ಕಟ್ಟಡಗಳಿಗೆ ಬಣ್ಣ ಹೊಡೆಯುವವರ ರೂಢಿ ಇದು. ಮೇಲಿನವನು ಹಿಡಿದೆ ಎಂದ ಮೇಲೆಯೇ ಇಳಿಯುವವನು ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು ಗೋಡೆಯಾಚೆ ತೂಗುವುದು. ಇವತ್ತು ಉತ್ತರ ಬಂದರೂ ಮೇಸ್ತ್ರಿಯ ಕಾಲು ಕಟ್ಟೆ ದಾಟಲಿಲ್ಲ.

ಹೇಗೆ ದಾಟೀತು? ನಿನ್ನೆ ಇದೇ ತಾರಸಿಯಲ್ಲಿ, ಕಟ್ಟಡದ ಮಾಲೀಕನ ಎದುರಿಗೇ, ಮೇಸ್ತ್ರಿ ಅಣ್ಣನ ಕೆನ್ನೆಗೆ ಬಾರಿಸಿದ್ದ. ಗೋಡೆಯ ನಡುವೆ ಬಣ್ಣ ತೆಳುವಾಗಿ ತೇಪೆ ಹಾಕಿದ ಹಾಗೆ ಕಾಣುತ್ತಿತ್ತು. ನೀರು ಹೆಚ್ಚು ಬೆರೆಸಿದ್ದು ಮೇಸ್ತ್ರಿ, ಏಟು ತಿಂದದ್ದು ಅಣ್ಣ. ಅದೂ ಸಾಲದೆಂದು ಅಣ್ಣನ ಕೊರಳಿನ ಶಿಲುಬೆ ತೋರಿಸಿ, “ಇನ್ನೊಂದು ಕೆನ್ನೇನೂ ಕೊಡ್ಬೇಕಂತಲ್ಲ ನಿಮ್ಮಲ್ಲಿ, ಕೊಡಪ್ಪ” ಎಂದಿದ್ದ. ಕೆಲಸದವರೆಲ್ಲ ಹಲ್ಲು ಕಿರಿದಿದ್ದರು. ತೇಪೆಯನ್ನು ತಾನೇ ಇಳಿದು ಸರಿಮಾಡುತ್ತೇನೆಂದು ಮಾಲೀಕನಿಗೆ ಮಾತು ಕೊಟ್ಟು ಮೇಸ್ತ್ರಿ ಈಗ ಸಿಕ್ಕಿಕೊಂಡಿದ್ದ.

ಅಣ್ಣನ ಪಕ್ಕ ಬಣ್ಣ ಕಲಸುತ್ತಿದ್ದ ತಮ್ಮ ಪಿಸುಗುಟ್ಟಿದ. “ಒಂದು ಮೊಳ ಸಡಿಲ ಬಿಡು ಸಾಕು. ಸಾಯೋದು ಬೇಡ, ಚಡ್ಡಿ ಒದ್ದೆ ಆಗ್ಲಿ.”

“ಬಾಯ್ಮುಚ್ಚು.”

“ಯಾಕೆ ಮುಚ್ಲಿ? ಅವನು ಹೊಡೀತಾನೆ, ನೀನು ಮನೇಲಿ ಕೂತು ಅವನಿಗೋಸ್ಕರ ಪ್ರಾರ್ಥನೆ ಮಾಡ್ತೀಯ. ನಾಚಿಕೆ ಆಗಲ್ವಾ?”

“ಆಗುತ್ತೆ. ಹಲ್ಲು ಕಡೀತಾನೇ ಮಾಡ್ದೆ.”

“ಗಾಳಿ ಜಾಸ್ತಿ ಇದೆ, ಸ್ವಲ್ಪ ತಡೀರಿ” ಎಂದ ಮೇಸ್ತ್ರಿ. ತಂತಿಯ ಮೇಲೆ ಒಣಹಾಕಿದ್ದ ಬಟ್ಟೆ ಅಲುಗುತ್ತಿರಲಿಲ್ಲ.

ಅಣ್ಣ ಹಗ್ಗ ಕಟ್ಟಿಟ್ಟು ಅವನ ಹತ್ತಿರ ಹೋದ. “ನೋಡಿ ಮೇಸ್ತ್ರಿ, ನೀರು ಹಾಕಿದ್ದು ನೀವು. ಹೊಡೆದದ್ದು ತಪ್ಪು. ಮಾಲೀಕರ ಮುಂದೂ ಇದನ್ನೇ ಹೇಳ್ತೀನಿ. ಅದಕ್ಕೂ ಹಗ್ಗಕ್ಕೂ ಸಂಬಂಧ ಇಲ್ಲ. ನನ್ನ ಕೈ ಮೇಲೆ ನಂಬಿಕೆ ಬರ್ತಿಲ್ಲ ಅಂದ್ರೆ ನೀವು ಹಿಡೀರಿ, ನಾನು ಇಳೀತೀನಿ.”

“ಹುಚ್ಚು ಹಿಡಿದಿದ್ಯಾ ನಿಂಗೆ?” ತಮ್ಮ ಕೈಲಿದ್ದ ಡಬ್ಬ ಕುಕ್ಕಿ ಎದ್ದ. ಅಣ್ಣ ಆಗಲೇ ಹಲಗೆಯ ಮೇಲೆ ಕೂತು, ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಾಲನ್ನು ಆಚೆಗೆ ಇಳಿಬಿಟ್ಟಿದ್ದ.

“ಹಿಡಿದ್ರಾ, ಮೇಸ್ತ್ರಿ?”

ಮೇಸ್ತ್ರಿ ಹಗ್ಗ ಬಿಚ್ಚಿಕೊಂಡ. ತಮ್ಮ ಹಗ್ಗಕ್ಕೆ ಕೈ ಹಾಕಲು ಬಂದರೆ ಮೊಣಕೈಯಲ್ಲಿ ತಳ್ಳಿದ.

“ಬಿಡೋ. ಅವನು ಕೇಳಿದ್ದು ನನ್ನ.”

ನಿನ್ನೆ ಕೆನ್ನೆಗೆ ಬಿದ್ದ ಅದೇ ಅಂಗೈಗೆ ಹಗ್ಗವನ್ನು ಇನ್ನೊಂದು ಸುತ್ತು ಸುತ್ತಿಕೊಂಡ. ಬೆರಳುಗಳು ಬಿಳಿಚಿಕೊಂಡವು. “ಹಿಡಿದೆ” ಎಂದ, ಕೊನೆಗೂ.

ಅಷ್ಟರಲ್ಲಿ ಅಣ್ಣ ಕಟ್ಟೆಯಿಂದ ಎರಡೂ ಕೈ ಬಿಟ್ಟಾಗಿತ್ತು.