ಡಬ್ಬಿಯಲ್ಲಿ ಸಿಕ್ಕ ಹೊಟ್ಟು

ಗಂಟೆ ಅಕ್ಕ ಚರ್ಚಿನ ಅಂಗಳದ ಸಮಾಧಿಯ ಮೇಲಿದ್ದ ಡಬ್ಬಿಯನ್ನು ಮೊದಲ ಸಲ ತೆರೆದು ತಲೆಕೆಳಗು ಮಾಡಿ ಕುಟ್ಟಿದಳು. ಬಿದ್ದದ್ದು ಒಂದು ಚಿಟಿಕೆ ಮರದ ಹೊಟ್ಟು. ಚೀಟಿ ಒಂದೂ ಇಲ್ಲ.

ಇವತ್ತೇ ಹೀಗಾಗಬೇಕೆ! ಸಂಜೆ ಬಿಷಪ್ಪರ ಕಡೆಯ ಅಧಿಕಾರಿ ವಿಚಾರಣೆಗೆ ಬರುವವರಿದ್ದರು. ಸಮಾಧಿಯಲ್ಲಿ ಮಲಗಿರುವ ಹಳೇ ಫಾದರ್‌ಗೆ ಸಂತ ಪದವಿ ಸಿಗಬೇಕಾದರೆ ಪವಾಡಕ್ಕೆ ಪುರಾವೆ ಬೇಕು. ಜನ ಕೋರಿಕೆ ಬರೆದು ಹಾಕುವ ಆ ಚೀಟಿಗಳೇ ಪುರಾವೆ. ಕಾಲು ಮುರಿದ ಅಂಚೆಯವನ ಬಾಗಿಲಲ್ಲಿ ಊರುಗೋಲು ಪ್ರತ್ಯಕ್ಷವಾಗಿತ್ತು. ಬಡ ಬಸುರಿಯ ಬಾಗಿಲಿಗೆ ತೊಟ್ಟಿಲೇ ಬಂದಿತ್ತು. ನಲವತ್ತು ವರ್ಷದಿಂದ ನಸುಕಿಗೇ ಎದ್ದು ಚರ್ಚಿನ ಗಂಟೆ ಹೊಡೆಯುವ ಅಕ್ಕ ತನ್ನ ಚೀಟಿಯಲ್ಲಿ ಕೇಳಿದ್ದಾದರೂ ಎಷ್ಟು? ‘ಮಧ್ಯಾಹ್ನ ಒಂದು ಗಳಿಗೆ ಕಣ್ಣು ಹತ್ತಲಿ ತಂದೆ.’ ಮಾರನೆಯ ದಿನವೇ ಕೊರಡಿನ ಹಾಗೆ ಬಿದ್ದು ನಿದ್ದೆ ಮಾಡಿದಳು. ಎರಡು ವರ್ಷವಾಯಿತು, ಒಂದು ದಿನವೂ ತಪ್ಪಿಲ್ಲ.

ಹೊಟ್ಟು ಕಂಡ ಮೇಲೆ ಕಳ್ಳನಿಗಾಗಿ ಊರೆಲ್ಲ ಹುಡುಕಬೇಕಾಗಿರಲಿಲ್ಲ. ಪಕ್ಕದ ಮನೆಯ ಬಡಗಿ! ಒಂದು ಕಾಲಕ್ಕೆ ಉಳಿ ಹಿಡಿದನೆಂದರೆ ಬೀದಿನಾಯಿಗಳು ದಿಕ್ಕಾಪಾಲಾಗುವಂತೆ ಹಾಡುತ್ತಿದ್ದ. ಈಚೆಗೆ ಬಾಯಿಗೆ ಬೀಗ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಳ್ಳುತ್ತ ಅಕ್ಕ ಚಪ್ಪಲಿ ಮೆಟ್ಟಿದಳು.

ನಡುಮಧ್ಯಾಹ್ನ. ಬಡಗಿ ಸದ್ದಿಲ್ಲದೆ ಕುರ್ಚಿಯ ಕಾಲಿಗೆ ಪಾಲಿಶ್ ಹಾಕುತ್ತಿದ್ದ. ಗೋಡೆಯ ಮೊಳೆಯಲ್ಲಿ ಚೀಟಿಗಳ ಕಂತೆ ನೇತಾಡುತ್ತಿತ್ತು.

“ಸಂತರ ಡಬ್ಬಿಗೇ ಕೈ ಹಾಕಿದ್ಯೇನೋ!”

“ಕದ್ದಿಲ್ಲ ಅಕ್ಕ, ಕೂತ್ಕೊಳ್ಳಿ. ಫಾದರ್ ಬದುಕಿದ್ದಾಗ ಊರವರ ಕಷ್ಟ ಚೀಟೀಲಿ ಬರೆದು ನಂಗೆ ತಂದು ಕೊಡ್ತಿದ್ರು. ‘ನಾನು ಹೋದ್ಮೇಲೆ ನೀನೇ ಬಂದು ತಗೋ, ಯಾರಿಗೂ ಹೇಳ್ಬೇಡ’ ಅಂದಿದ್ರು.”

ಅಕ್ಕ ಕಂತೆಯನ್ನು ಕಿತ್ತುಕೊಂಡಳು. ಪ್ರತಿ ಚೀಟಿಯ ಬೆನ್ನಿಗೂ ಪೆನ್ಸಿಲ್ಲಿನ ಗೀಚು. ‘ಊರುಗೋಲು: ಎರಡು ಕೋಲು, ನಾಲ್ಕು ಮೊಳೆ.’ ‘ತೊಟ್ಟಿಲು: ಆರು ಹಲಗೆ.’

ಪವಾಡವೆಲ್ಲ ಇವನ ಕೈಚಳಕವಾದರೆ ಅಧಿಕಾರಿಯ ಮುಂದೆ ಏನೆಂದು ಹೇಳುವುದು? ಫಾದರನ್ನು ಎರಡನೇ ಸಲ ಮಣ್ಣು ಮಾಡಿದಂತಾಗಿ ಅಳುವೇ ಬಂತು. ಅಷ್ಟರಲ್ಲಿ ಥಟ್ಟನೆ ಹೊಳೆಯಿತು.

“ನನ್ನ ನಿದ್ದೆ! ಅದನ್ನೂ ಹಲಗೆ ಕೊಯ್ದು ಮಾಡಿದ್ಯಾ? ಹೇಳು ನೋಡೋಣ!”

ಬಡಗಿ ತಲೆ ಕೆರೆದುಕೊಂಡ. “ಅದು ಫಾದರ್ ಪವಾಡಾನೇ ಅಕ್ಕ. ಹಾಗೇ ಬರೆಸಿಬಿಡಿ. ಎಲ್ಲಿ, ಆ ಕಂತೆ ಈಕಡೆ ಕೊಡಿ.”

ಅಕ್ಕನ ಮುಖ ಅರಳಿತು. ಒಂದು ಸಾಕು, ಒಂದಾದರೂ ಅಪ್ಪಟ ಪವಾಡ! ಅಧಿಕಾರಿಗೆ ತೋರಿಸಲೆಂದು ಕಂತೆಯಿಂದ ತನ್ನ ಚೀಟಿಯನ್ನು ಆರಿಸಿ ತೆಗೆದು, ಸುಮ್ಮನೆ ತಿರುವಿ ನೋಡಿದಳು.

‘ಹಲಗೆ ಬೇಡ. ಮಧ್ಯಾಹ್ನ ಮೊಳೆ ಹೊಡೆಯಕೂಡದು. ಹಾಡಲಂತೂ ಕೂಡದು.’