ಹೊರಗಿನವರು ಬರಿಗಾಲಲ್ಲಿ

ಇಟಲಿಯ ಹಳೆಯ ಊರೊಂದರ ಓಣಿಗಳಲ್ಲಿ ಗೈಡ್‌ನ ಕೆಂಪು ಕೊಡೆಯ ಹಿಂದೆ ನಡೆಯುತ್ತಿದ್ದೇನೆ. ಬಿಸಿಲಿಗೆ ಕಾದ ಕಲ್ಲುಹಾಸಿನ ವಾಸನೆ ನನ್ನನ್ನು ಬಳ್ಳಾರಿಯ ಕೋಟೆ ಗುಡ್ಡಕ್ಕೆ ಎಳೆದೊಯ್ಯುತ್ತಿದೆ.

ಅಂದು ಗೈಡ್ ನಾನೇ. ಕುರುಗೋಡಿನಿಂದ ಅತ್ತೆಯ ಮಗಳು ಗಿರಿಜಾ ಬೇಸಿಗೆ ರಜೆಗೆ ಬಂದಿದ್ದಳು.

"ಹುಡುಗಿ ಮೊದಲ್ನೇ ಸಲ ಬಂದಾಳ, ಊರು ತೋರಿಸ್ಕೊಂಡು ಬಾರಲೇ" ಎಂದು ಅಜ್ಜಿ ನನ್ನನ್ನು ಜೊತೆಗೆ ಕಳಿಸಿದಳು. ಹಿಂದಿನ ದಿನವಷ್ಟೇ ಬ್ರೂಸ್‌ಪೇಟೆಯಲ್ಲಿ ಅವಳಿಗೆ ಹೊಸ ಚಪ್ಪಲಿ ಕೊಡಿಸಿದ್ದಳು. ನನಗೆ ಕೊಡಿಸಿರಲಿಲ್ಲ. ದಾರಿಯುದ್ದಕ್ಕೂ ಅವು ಚಟಪಟ ಎನ್ನುತ್ತಿದ್ದವು. ಆ ಸದ್ದಿಗೇ ನನ್ನ ಹೊಟ್ಟೆ ಉರಿಯುತ್ತಿತ್ತು.

ಗುಡ್ಡದ ಬುಡದಲ್ಲಿ ನಿಂತು ಹೇಳಿದೆ: "ಇದು ದೇವರ ಗುಡ್ಡ. ಚಪ್ಪಲಿ ಇಲ್ಲೇ ಬಿಡು."

"ನೀನು ಬಿಡಂಗಿಲ್ಲೇನು?"

"ಊರಿನವರಿಗೆ ನಡೀತೈತಿ. ಹೊರಗಿನವರು ಬರಿಗಾಲಾಗ ಹತ್ತಬೇಕು."

ಅವಳ ಊರಿನ ಕಡೆ ಹರಕೆ ಹೊತ್ತವರು ಹಾಗೇ ಗುಡ್ಡ ಹತ್ತುತ್ತಿದ್ದರು, ನಂಬಿದಳು. ಬಂಡೆ ಹೆಂಚಿನಂತೆ ಕಾದಿತ್ತು. ಪ್ರತಿ ಬುರುಜಿನ ಬಳಿಯೂ ಬೇಕೆಂದೇ ನಿಂತು, ಇಲ್ಲದ ರಾಜರ ಕಥೆ ಕಟ್ಟಿ ಹೇಳಿದೆ. ಅವಳು ಕಾಲು ಬದಲಿಸುತ್ತಾ ಎಲ್ಲವನ್ನೂ ಪೂರ್ತಿ ಕೇಳಿದಳು.

ಸಂಜೆ ಅವಳ ಅಂಗಾಲಿನ ಬೊಬ್ಬೆಗಳಿಗೆ ಬೆಣ್ಣೆ ಹಚ್ಚುತ್ತಾ ಅಜ್ಜಿ ಕೇಳಿದಳು: "ಚಪ್ಪಲಿ ಬಿಡು ಅಂತ ಯಾರ್ ಹೇಳಿದ್ರವ್ವ?"

ಗಿರಿಜಾ ಒಮ್ಮೆ ನನ್ನತ್ತ ನೋಡಿದಳು. "ಯಾರೂ ಹೇಳಿಲ್ಲಜ್ಜಿ. ನಾನೇ ಹರಕಿ ಹೊತ್ತಿದ್ದೆ, ಮುಂದಿನ ರಜಕ್ಕೂ ನನ್ನ ಇಲ್ಲಿಗೆ ಕರೀಲಿ ಅಂತ."

ಅಜ್ಜಿ ನನ್ನ ತಲೆಗೆ ಮೊಟಕಿದಳು. "ನೋಡಿ ಕಲಿಯಲೇ."

ಮುಂದಿನ ರಜೆ ಬಂದಾಗ, ಅವಳ ಆ ನೋಟವನ್ನು ಮತ್ತೆ ಎದುರಿಸಲಾರದೆ, ಅವಳನ್ನು ಕರೆಸಬೇಡಿ ಎಂದು ಎರಡು ಹೊತ್ತು ಊಟ ಬಿಟ್ಟು ಹಟ ಹಿಡಿದೆ. ಕರೆಸಲಿಲ್ಲ.